ಟೆಲಿಫೋನ್ ಹುಡುಗಿಯರ ಗುಡ್ಡದ ಓಟ

ಏರು ಕಂಡರೆ ಸಾಕು, ನನ್ನ ಬಲಗೈ ನನ್ನನ್ನು ಕೇಳುವುದಿಲ್ಲ. ತಾನಾಗಿ ಸೀರೆಯ ನೆರಿಗೆಗೆ ಹೋಗಿ ಒಂದು ಗೇಣು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಬಿಡುತ್ತದೆ. ಗುಡ್ಡವೇ ಆಗಬೇಕೆಂದಿಲ್ಲ. ಹೋದ ವಾರ ಕುಮಟಾ ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲು ಕಂಡಾಗಲೂ ಹಾಗೇ ಆಯಿತು. ಹಿಂದೆ ಬರುತ್ತಿದ್ದ ತರುಣನೊಬ್ಬ, ಬೆನ್ನಿಗೆ ದೊಡ್ಡ ಚೀಲ, ಕಾಲಿಗೆ ಗಿಳಿಹಸಿರು ಬೂಟು, "ಅಜ್ಜಿ, ನಿಧಾನ, ಗಡಿಬಿಡಿ ಮಾಡ್ಬೇಡಿ" ಎಂದ. ಒಳ್ಳೆಯ ಹುಡುಗ. ಅವನು ಮೇಲೆ ಬಂದು ಮುಟ್ಟುವಷ್ಟರಲ್ಲಿ ನಾನು ಆಚೆಯ ಮೆಟ್ಟಿಲು ಇಳಿಯುತ್ತಿದ್ದೆ. ತಿರುಗಿ ನೋಡಿ, "ಬಾ ತಮ್ಮಾ, ನಿಧಾನಕ್ಕೇ ಬಾ" ಎಂದೆ. ಇದನ್ನು ನೀವು ಜಂಬ ಎಂದರೆ ನನ್ನ ತಕರಾರಿಲ್ಲ. ಜಂಬವೇ.

ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ಅವನ ಜೊತೆ ಮಾತಾಯಿತು. ಅವನೂ ಅವನ ಸ್ನೇಹಿತರೂ ಕಡಲ ದಂಡೆಯ ಗುಡ್ಡಗಳ ಮೇಲೆ ಓಡಲು ಬಂದವರಂತೆ. ಅದಕ್ಕೆ ಟ್ರೇಲ್ ರನ್ನಿಂಗ್ ಎನ್ನುತ್ತಾರಂತೆ. ಅದಕ್ಕೇ ಬೇರೆ ಬೂಟು, ಬೇರೆ ನೀರಿನ ಚೀಲ, ಹೃದಯ ಬಡಿಯುವುದನ್ನು ತೋರಿಸುವ ಕೈಗಡಿಯಾರ. ನಾನು ಎಲ್ಲವನ್ನೂ ಮುಟ್ಟಿ ನೋಡಿ, ಚೆನ್ನಾಗಿದೆ ಎಂದೆ. ನಾವೂ ಓಡಿದವರೇ, ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಇದೇ ಗುಡ್ಡಗಳ ಮೇಲೆ, ಸೀರೆ ಉಟ್ಟುಕೊಂಡು, ಎಂದು ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ರೈಲು ಬಂತು. ಅವನಿಗೆ ಹೇಳಲಾಗದ್ದನ್ನು ಈಗ ನಿಮ್ಮ ಮುಂದೆ ಬಿಚ್ಚುತ್ತಿದ್ದೇನೆ.

ನಾನು ಓಡಲು ಕಲಿತದ್ದು ಮೀನಿನ ಬುಟ್ಟಿಯ ಹಿಂದೆ. ನಮ್ಮದು ಕುಮಟೆಯ ಹತ್ತಿರ ಬಾಡ ಎಂಬ ಊರಿನಲ್ಲಿ ಕಡಲ ಬದಿಯ ಮನೆ. ಅಪ್ಪ ದೋಣಿಯಲ್ಲಿ ಹೋಗಿ ಮೀನು ತಂದರೆ ಅದನ್ನು ಕುಮಟೆಯ ಪೇಟೆಗೆ ಮುಟ್ಟಿಸುವುದು ಅವ್ವಿಯ ಕೆಲಸ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ. ಗುಡ್ಡದ ಕಾಲುದಾರಿಯಲ್ಲಿ ಏಳೆಂಟು ಹೆಂಗಸರ ಸಾಲು. ಅವರದು ನಡಿಗೆಯೂ ಅಲ್ಲ, ಓಟವೂ ಅಲ್ಲ. ಸೊಂಟದಿಂದ ಕೆಳಗೆ ಓಡುತ್ತಿರುತ್ತದೆ, ಕುತ್ತಿಗೆಯಿಂದ ಮೇಲೆ ಕಲ್ಲಿನ ಹಾಗೆ ನಿಂತಿರುತ್ತದೆ. "ತಾರಲೆ ಮೀನಿಗೆ ತಾಳ್ಮೆ ಇಲ್ಲೆ ಮಗಾ, ಬಿಸಿಲು ಏರೂಕಿಂತ ಮುಂಚೆ ನಾವು ಏರ್ಬೇಕು" ಎನ್ನುತ್ತಿದ್ದಳು ಅವ್ವಿ. ಶಾಲೆಗೆ ರಜೆ ಇದ್ದ ದಿನ ಅವಳ ಊಟದ ಗಂಟು ಹಿಡಿದು ನಾನು ಹಿಂದೆ. ಬುಟ್ಟಿಯಿಂದ ತೊಟ್ಟಿಕ್ಕುವ ನೀರು ಹಿಂದೆ ಓಡುವವಳ ಮುಖಕ್ಕೇ ಸಿಡಿಯುತ್ತದೆ ಎಂಬುದು ಆ ವಯಸ್ಸಿನಲ್ಲಿ ನಾನು ಕಲಿತ ಮೊದಲ ವಿಜ್ಞಾನ.

ಒಮ್ಮೆ ಅವಳನ್ನು ಮುಟ್ಟಬೇಕೆಂದು ಉಸಿರುಗಟ್ಟಿ ಓಡಿ, ಅರ್ಧ ಗುಡ್ಡದಲ್ಲಿ ಹೊಟ್ಟೆ ಹಿಡಿದು ಕೂತುಬಿಟ್ಟೆ. ಅವ್ವಿ ನಿಲ್ಲಲಿಲ್ಲ. ಬುಟ್ಟಿ ಹೊತ್ತವರು ನಿಲ್ಲುವುದಿಲ್ಲ. ಮುಂದಿನಿಂದಲೇ ಕೂಗಿದಳು: "ಮಾತಾಡ್ತಾ ಓಡು! ಮಾತು ನಿಂತ್ರೆ ಸಣ್ಣಕೆ ಹೋಗು. ಮತ್ತೆ ಮಾತು ಬಂದ್ರೆ ಓಡು!" ಹೌದಲ್ಲ, ಆ ಸಾಲಿನ ಹೆಂಗಸರು ಏರಿನಲ್ಲೂ ಮಾತಾಡುತ್ತಿದ್ದರು. ಯಾರ ಸೊಸೆ, ಯಾರ ಬಲೆ, ಯಾರ ಮನೆಯ ಜಗಳ, ಎಲ್ಲ. ಉಸಿರು ಎಷ್ಟು ಬೇಕೋ ಅಷ್ಟು ಓಟಕ್ಕೆ, ಉಳಿದದ್ದು ಊರ ಸುದ್ದಿಗೆ.

ನಾನು ಮೆಟ್ರಿಕ್ ಪಾಸಾಗಿ ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಾಗ ಅವ್ವಿಗೆ ಒಂದೇ ಚಿಂತೆ. "ದಿನಾ ಕೂತೇ ಇರೂದಾ? ಕೂತು ಎಂತ ಕೆಲಸ?" ಅವಳ ಮಾತು ನಿಜವಾಯಿತು. ಕಿವಿಗೆ ಕರಿಯ ಹೆಡ್‌ಫೋನು, ಎದುರಿಗೆ ನೂರಾರು ತೂತಿನ ಹಲಗೆ, ಕೈಯಲ್ಲಿ ತಂತಿ. ಇಡೀ ಜಿಲ್ಲೆ ನಮ್ಮ ಬೆರಳಿನಲ್ಲಿ ಓಡಾಡುತ್ತಿತ್ತು, ನಾವು ಮಾತ್ರ ಕುರ್ಚಿಯಲ್ಲಿ ಬೇರೂರಿದ್ದೆವು. ನನ್ನ ಎಡಗಡೆಯ ಕುರ್ಚಿ ಫಿಲೋಮಿನಾಳದು. ಹೊನ್ನಾವರದವಳು, ದಿನಾ ಬಸ್ಸಿನಲ್ಲಿ ಬರುವವಳು. ಅವಳ ಚೀಲದಲ್ಲಿ ಯಾವಾಗಲೂ ಏನಾದರೂ ತಿನ್ನಲಿಕ್ಕೆ ಇರುತ್ತಿತ್ತು, ಬಾಯಲ್ಲಿ ಯಾವಾಗಲೂ ಏನಾದರೂ ಹೇಳಲಿಕ್ಕೆ ಇರುತ್ತಿತ್ತು. ಬಲಗಡೆಯ ಕುರ್ಚಿ ಮಂಗಲಾಳದು. ಮಿರ್ಜಾನಿನ ತೋಟದ ಮನೆಯ ಭಟ್ಟರ ಮಗಳು. ನೋಡಿದರೆ ಗಾಳಿಗೆ ಹಾರುವ ಹಾಗಿದ್ದಳು. ದನಿ ಎಷ್ಟು ಇಂಪೆಂದರೆ, ಪೇಟೆಯ ದೊಡ್ಡ ಸಾಹುಕಾರರೂ "ಎಂತ ಹೇಳಿದ್ರಿ? ಇನ್ನೊಮ್ಮೆ ಹೇಳಿ" ಎಂದು ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದರು. ಅದೇ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿದ್ದಿಲ್ಲ. ಕಡಲ ಬದಿಯಲ್ಲಿ ಬೆಳೆದವಳ ದನಿ ಮೊದಲನೇ ಸಲಕ್ಕೇ ತಲುಪುತ್ತಿತ್ತು, ಕೆಲವೊಮ್ಮೆ ತಂತಿ ಇಲ್ಲದೆಯೂ.

ನಮ್ಮ ಓಟ ಶುರುವಾದದ್ದು ಶೋಕಿಯಿಂದಲ್ಲ, ಬಸ್ಸು ಬಾರದ್ದರಿಂದ. ಒಂದು ದಿನ ಮಧ್ಯಾಹ್ನದ ಡ್ಯೂಟಿಗೆ ಮುಂಚೆ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಫಿಲು ಬಂಗಡೆ ಸಾರಿಗೆ, ಮಂಗಲಾ ಕಡಲು ನೋಡಲಿಕ್ಕೆ. ಮಂಗಲಾಳಿಗೆ ಅವ್ವಿ ಬೇರೆ ಪಾತ್ರೆಯಲ್ಲಿ ಅವಲಕ್ಕಿ ಬೆಲ್ಲ ಕಲಸಿ ಕೊಟ್ಟಳು. "ಇಲ್ಲಿ ತಿಂದದ್ದು ಯಂಗೆ ಮನೇಲಿ ಹೇಳಲೆ ಬರ್ತಿಲ್ಲೆ" ಎಂದು ನಗುತ್ತಾ ಅವಳು ಎರಡನೇ ಸಲ ಹಾಕಿಸಿಕೊಂಡಳು. ತಿಂದು ಎದ್ದು ರಸ್ತೆಗೆ ಬಂದರೆ ಬಸ್ಸಿಲ್ಲ. ಕಾದೆವು. ಬಸ್ಸು ದಾರಿಯಲ್ಲೆಲ್ಲೋ ಕೆಟ್ಟು ನಿಂತಿದೆಯೆಂದು ಸೈಕಲ್ಲಿನವನೊಬ್ಬ ಹೇಳಿಹೋದ. ಡ್ಯೂಟಿಯ ಹೊತ್ತು ಹತ್ತಿರ ಬಂದಿತ್ತು. ಗುಡ್ಡ ನೋಡಿದೆ. ಕೈ ನೆರಿಗೆಗೆ ಹೋಯಿತು.

"ನನ್ನ ಹಿಂದೆ ಬನ್ನಿ. ಮಾತಾಡ್ತಾ ಬನ್ನಿ" ಎಂದೆ.

"ಎಂತ ಮಾತಾಡೂದು?" ಎಂದಳು ಫಿಲು. ಜೀವನದಲ್ಲಿ ಮೊದಲ ಬಾರಿಗೆ ಅವಳಿಗೆ ಆ ಸಂಶಯ ಬಂದಿತ್ತು.

ಗುಡ್ಡ ಹತ್ತಿ, ಚಿರೆಕಲ್ಲಿನ ಬೇಣದ ಹುಲ್ಲುಬಯಲಿನಲ್ಲಿ ಓಡಿ, ಕುಮಟೆಯ ಕಡೆ ಇಳಿದು ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಬಿದ್ದಾಗ ಬೋರ್ಡಿನ ದೀಪ ಮಿನುಗುತ್ತಿತ್ತು. ನಾನು ತಂತಿ ಸಿಕ್ಕಿಸಿ "ಹಲೋ... ಕು... ಮ... ಟಾ" ಎಂದೆ. ಆಚೆಯವರು ಗಾಬರಿಯಾಗಿ, "ಎಂತ ಆತು ತಂಗಿ? ಬೆಂಕಿಗಿಂಕಿ ಬಿತ್ತಾ?" ಎಂದು ಕೇಳಿದರು. ಮಂಗಲಾ ಹೆಡ್‌ಫೋನ್ ಕೈಯಲ್ಲಿ ಹಿಡಿದುಕೊಂಡೇ ನಗುತ್ತಿದ್ದಳು. ಆ ನಗು ನನಗೆ ಹೊಸದು. ಅವಳು ಅಷ್ಟು ದಿನ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವಳು. ಅಂದು ಸೆರಗು ಸೊಂಟದಲ್ಲಿತ್ತಲ್ಲ.

ಮರುದಿನ ಕಾಲು ನೋವಿನಿಂದ ಕುಂಟುತ್ತಾ ಬಂದವಳು ಅವಳೇ ಕೇಳಿದಳು, "ಮತ್ತೆ ಯಾವಾಗ?"

ಹಾಗೆ ಭಾನುವಾರಗಳು ಶುರುವಾದವು. ರಜೆ ಹೊಂದಿಸಿಕೊಂಡು ಮೂವರೂ ಹೊರಟುಬಿಡುವುದು. ಫಿಲುವಿಗೆ ಅವಳ ಅಣ್ಣ ಮುಂಬಯಿಯಿಂದ ಬಿಳಿ ಕ್ಯಾನ್‌ವಾಸ್ ಬೂಟು ತಂದುಕೊಟ್ಟಿದ್ದ. ಮಂಗಲಾ ಶಾಲೆಯ ದಿನಗಳ ಬೂಟು ಹುಡುಕಿ ತಂದಳು. ನಾನು ಬರಿಗಾಲು. ಮಿರ್ಜಾನಿನ ಹಳೆಯ ಕೋಟೆಯ ಮೇಲೆ ಆಗ ಮರ ಬಳ್ಳಿ ಬೆಳೆದು ಗೋಡೆ ಯಾವುದು ಕಾಡು ಯಾವುದು ತಿಳಿಯುತ್ತಿರಲಿಲ್ಲ. ಅಲ್ಲಿ ಓಡಿದೆವು. ಹೊನ್ನಾವರದಲ್ಲಿ ಶರಾವತಿ ದಾಟಿ ಕಾಸರಕೋಡಿನ ಮರಳಿನಲ್ಲಿ ಓಡಿದೆವು. ಮಾವಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ ಮುರ್ಡೇಶ್ವರದ ಕಡಲ ದಂಡೆಯಲ್ಲಿ ಓಡಿದೆವು. ಅಲ್ಲಿ ಆಗ ಬಂಡೆಗಲ್ಲಿನ ಗುಡ್ಡ, ಒಂದು ದೇವಸ್ಥಾನ, ಮತ್ತೆ ಬಲೆ ಒಣಗಿಸುವವರು, ಇಷ್ಟೇ. ಗೇರುಹಣ್ಣಿನ ಕಾಲದಲ್ಲಿ ನಮ್ಮ ವೇಗ ಬಹಳ ಕಡಿಮೆಯಾಗುತ್ತಿತ್ತು. ಅದಕ್ಕೆ ಫಿಲು ಒಬ್ಬಳೇ ಕಾರಣ ಎಂದು ನಾವಿಬ್ಬರೂ ಹೇಳುತ್ತಿದ್ದೆವು, ಮೂವರ ಸೀರೆಯಲ್ಲೂ ಗೇರಿನ ಕಲೆ ಇರುತ್ತಿತ್ತು.

ಒಂದು ವಿಷಯ ಮಾತ್ರ ನಾವು ಯೋಚಿಸಿರಲಿಲ್ಲ. ನಮ್ಮ ಕಡೆ ದೊಡ್ಡವರು ಸುಮ್ಮಸುಮ್ಮನೆ ಓಡುವುದಿಲ್ಲ. ಓಡಿದರೆ ಏನೋ ಆಗಿದೆ ಎಂದರ್ಥ. ಧಾರೇಶ್ವರದ ದಂಡೆಯಲ್ಲಿ ಮೊದಲ ಸಲ ಓಡಿದಾಗ, ಬಲೆ ಹೊಲಿಯುತ್ತಿದ್ದ ಗಂಡಸರು ತಲೆ ಎತ್ತಿ ನೋಡಿದರು. ಎದ್ದರು. ಅವರೂ ಓಡಿದರು. ಅವರನ್ನು ಕಂಡು ಇನ್ನೂ ನಾಲ್ಕು ಮಂದಿ ಸೇರಿಕೊಂಡರು. ಹಿಂದೆ ಧಡಧಡ ಸದ್ದು ಕೇಳಿ ನಾವು ಹೆದರಿ ಇನ್ನೂ ಜೋರು ಓಡಿದೆವು. ನಾವು ಜೋರು ಓಡಿದಷ್ಟೂ ಅವರಿಗೆ ಅನಾಹುತ ದೊಡ್ಡದೆಂದು ಖಾತ್ರಿ. ಕೊನೆಗೆ ಒಬ್ಬ ಮುದುಕ ಏದುತ್ತಾ ಬಂದು ಮುಟ್ಟಿ, "ಯಾರಿಗೆ ಎಂತ ಆತು? ಎಲ್ಲಿ ಮುಳುಗ್ದ?" ಎಂದ.

"ಯಾರೂ ಮುಳುಗ್ಲಿಲ್ಲ ಅಜ್ಜ. ಸುಮ್ನೆ ಓಡ್ತಿದ್ದೇವೆ."

"ಸುಮ್ನೆಯಾ?" ಆ ಅಜ್ಜ ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ನಮ್ಮನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಸಿಟ್ಟಿರಲಿಲ್ಲ. ಬಹಳ ಕನಿಕರವಿತ್ತು.

ಟೆಲಿಫೋನ್ ಹುಡುಗಿಯರಿಗೆ ಕರೆಂಟು ಹೊಡೆದಿದೆ ಎಂದು ಪೇಟೆಯಲ್ಲಿ ಮಾತು ಹುಟ್ಟಿತು. ನಾನು ಅವ್ವಿಗೆ ಹೇಳಿದೆ. ಅವ್ವಿ, "ನಾನು ಮೂವತ್ತು ವರ್ಷ ಓಡ್ದೆ, ಯಾರೂ ಕೇಳ್ಲಿಲ್ಲೆ. ತಲೆ ಮೇಲೆ ಬುಟ್ಟಿ ಇತ್ತಲ್ಲ, ಅದ್ಕೆ" ಎಂದಳು. ನಮಗೆ ಬುಟ್ಟಿ ಇರಲಿಲ್ಲ. ಅದೇ ನಮ್ಮ ಅಪರಾಧ. ನಾವು ಅದನ್ನು ಸಂತೋಷವಾಗಿ ಮುಂದುವರಿಸಿದೆವು.

ಇಷ್ಟರಲ್ಲಿ ಮಂಗಲಾಳಿಗೆ ಗಂಡು ಗೊತ್ತಾಗುವ ಮಾತು ಬಂತು. ಹುಡುಗನ ಹೆಸರು ಗಜಾನನ. ಭಟ್ಕಳದ ಒಂದು ಬ್ಯಾಂಕಿನಲ್ಲಿ ಕೆಲಸ. ನೋಡುವ ಶಾಸ್ತ್ರ ಮಿರ್ಜಾನಿನ ಮನೆಯಲ್ಲಿ ನಡೆಯಿತು. ನಾವು ಅಲ್ಲಿರಲಿಲ್ಲ, ಆದರೆ ಮರುದಿನ ಚಹಾದ ಹೊತ್ತಿನಲ್ಲಿ ಮಂಗಲಾ ಎಲ್ಲರ ಪಾತ್ರವನ್ನೂ ಒಬ್ಬಳೇ ಆಡಿ ತೋರಿಸಿದಳು. ಹುಡುಗನ ಕಡೆಯ ಅತ್ತೆಯೊಬ್ಬರು, ರಜೆಯ ದಿನ ಎಂತ ಮಾಡ್ತೀ ಎಂದು ಕೇಳಿದರಂತೆ. ಹೊಲಿಗೆ ಎಂದು ಹೇಳು ಅಂತ ಅವಳ ಆಯಿ ಬಾಗಿಲ ಸಂದಿಯಿಂದ ಬೆರಳಲ್ಲಿ ಸೂಜಿ ಆಡಿಸಿ ತೋರಿಸುತ್ತಿದ್ದರಂತೆ.

"ಗುಡ್ಡದ ಮೇಲೆ ಓಡ್ತೆ" ಎಂದಳಂತೆ ಮಂಗಲಾ.

ಭಟ್ಟರು ಮೇಲೆ ಮಾಡಿನ ಕಡೆ ನೋಡಿದರಂತೆ. ಆಗ ಹುಡುಗನೇ ಬಾಯಿಬಿಟ್ಟು, "ಹೌದಾ? ಧಾರವಾಡದಲ್ಲಿ ಕಾಲೇಜಿಗೆ ಹೋಗಕಾರೆ ಆನೂ ಓಡಿದ್ದೆ. ಓಟದಲ್ಲಿ ಕಪ್ ಸಿಕ್ಕಿದ್ದು. ಬಪ್ಪ ಭಾನುವಾರ ಆನೂ ಬತ್ತೆ" ಎಂದನಂತೆ. ಭಟ್ಟರು ಬೇಡ ಎನ್ನುವುದರೊಳಗೆ ಹುಡುಗನ ಅಪ್ಪ ಜೋರಾಗಿ ನಕ್ಕು, "ಇರಲಿ ಬಿಡಿ ಭಟ್ರೆ. ನಮ್ಮ ಕಾಲದಲ್ಲಿ ಹೆಣ್ಣು ನೋಡಿದ ಗಂಡು ಓಡಿ ಹೋಗ್ತಿದ್ದ. ಇಂವ ಜೊತೆಗೆ ಓಡ್ತೆ ಹೇಳ್ತ" ಎಂದರಂತೆ. ಸ್ನೇಹಿತೆಯರಿಬ್ಬರೂ ಜೊತೆಗಿರಬೇಕು ಎಂಬ ಕರಾರಿನ ಮೇಲೆ ಒಪ್ಪಿಗೆಯಾಯಿತು.

"ಹುಡುಗ ಹೇಗಿದ್ದಾನೆ?" ಎಂದು ಕೇಳಿದಳು ಫಿಲು.

ಮಂಗಲಾ ಚಹಾದ ಲೋಟ ಕೆಳಗಿಟ್ಟಳು. ಆಟ ಮುಗಿದಿತ್ತು. "ಗೊತ್ತಿಲ್ಲ. ಅಪ್ಪ ಹೇಳಿಬಿಟ್ಟಿದ್ದಾರೆ, ಅವರಿಗೆ ಒಪ್ಪಿಗೆಯಾದರೆ ಆಯಿತು ಅಂತ. ಕೆಲಸ ಬಿಡಬೇಕಾ, ಓಟ ಬಿಡಬೇಕಾ, ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವರು ನನ್ನನ್ನು ನೋಡಿ ಆಯಿತು. ಭಾನುವಾರ ನಾನು ಅವರನ್ನು ನೋಡಬೇಕು."

ಆ ಭಾನುವಾರ ಬೆಳಿಗ್ಗೆ ಕುಮಟೆಯ ಹೆಡ್ ಬಂದರಿನ ದಂಡೆಗೆ ಗಜಾನನ ಬಂದ ವೈಭವ ನೋಡಬೇಕಿತ್ತು. ಬಿಳಿ ಚಡ್ಡಿ, ಬಿಳಿ ಬನಿಯನ್ನು, ಬಿಳಿ ಬೂಟು, ಕುತ್ತಿಗೆಯಲ್ಲಿ ಸೀಟಿ. ಬಂದವನೇ ಮರಳಿನಲ್ಲಿ ಬಗ್ಗಿ ಎದ್ದು, ಕೈ ತಿರುಗಿಸಿ, ಮೊಣಕಾಲು ಎದೆಗೆ ತಾಗಿಸಿ ವ್ಯಾಯಾಮ ಮಾಡಿದ. ಫಿಲು ಬಹಳ ಗೌರವದಿಂದ ನೋಡಿ, ಪಕ್ಕದಲ್ಲಿ ನಿಂತು ತಾನೂ ಹಾಗೇ ಮಾಡಲು ಹೋಗಿ ಕೂತುಬಿಟ್ಟಳು.

"ದಾರಿ ಹೇಳ್ತೇನೆ" ಎಂದೆ ನಾನು. "ಗುಡ್ಡ ಹತ್ತಿ, ಬೇಣದ ಮೇಲೆ ಹೋಗಿ, ಆಚೆ ಬಾಡದ ಕಡಲಿಗೆ ಇಳಿಯೂದು. ನಮ್ಮದು ಒಂದೇ ಕಾಯ್ದೆ. ಮಾತಾಡ್ತಾ ಓಡಬೇಕು."

"ಓಡುವಾಗ ಮಾತಾಡಿದ್ರೆ ಉಸಿರು ಹಾಳು" ಎಂದು ಅವನು ನಮಗೆ ತಿಳಿಹೇಳಿದ. ಸೀಟಿ ಊದಿದ. ಓಡಿದ. ಮರಳಿನ ಮೇಲೆ ಅವನ ಓಟ ಚೆಂದವಿತ್ತು, ಅದನ್ನು ಒಪ್ಪಬೇಕು. ನಾವು ಫಿಲುವಿನ ಅಣ್ಣನ ಮದುವೆಯ ಊಟದ ವಿಷಯ ಮಾತಾಡುತ್ತಾ ಹಿಂದಿನಿಂದ ಹೋದೆವು. ಊಟ ಸಿಹಿತಿಂಡಿಗೆ ಬರುವ ಹೊತ್ತಿಗೆ, ಅರ್ಧ ಏರಿನಲ್ಲಿ ಗಜಾನನ ಮೊಣಕಾಲಿಗೆ ಕೈಕೊಟ್ಟು ನಿಂತಿದ್ದ. ಮುಖ ಮುರುಗಲ ಹಣ್ಣಿನ ಹಾಗೆ ಕಡುಗೆಂಪು.

"ಬಿಸಿಲು... ಜೋರಿದ್ದು" ಎಂದ.

ಸೂರ್ಯ ಇನ್ನೂ ಗುಡ್ಡದ ಆಚೆಗಿದ್ದ. ಮಂಗಲಾ ಅವನನ್ನು ದಾಟಿ ಮುಂದೆ ಹೋದಳು. ನಾನು ಅವಳ ಮುಖ ನೋಡಿದೆ. ಅಳೆಯುತ್ತಿದ್ದಳು.

ಬೇಣದ ಮೇಲೆ ಗಾಳಿ ತಾಗಿ ಅವನಿಗೆ ಮತ್ತೆ ಹುರುಪು ಬಂತು. ನಮ್ಮನ್ನು ದಾಟಿ ಹೋದ. ಮುಂದೆ ದಾರಿ ಎರಡಾಗುತ್ತದೆ. ಮೇಲಿನದು ಬಾಡಕ್ಕೆ. ಕೆಳಗಿನದು ಕಡಲ ಬಂಡೆಗಳಿಗೆ, ಚಿಪ್ಪಿ ಬಿಡಿಸುವವರು ನೀರಿನ ಇಳಿತದ ಹೊತ್ತಿನಲ್ಲಿ ಮಾತ್ರ ಓಡಾಡುವ ದಾರಿ. ದೂರದಲ್ಲಿ ಬಾಡದ ಮರಳು ಕಂಡಿರಬೇಕು, ಅವನು ಕೈ ಎತ್ತಿ "ಶಾರ್ಟ್‌ಕಟ್!" ಎಂದು ಕೂಗಿ ಕೆಳಗಿನದಕ್ಕೆ ಇಳಿದ.

"ಅಲ್ಲ! ಮೇಲೆ! ಮೇಲಿಂದ ಬನ್ನಿ!" ಎಂದು ನಾನು ಕೂಗಿದೆ. ತಂತಿ ಇಲ್ಲದೆ ಹೊನ್ನಾವರಕ್ಕೆ ಕೇಳಿಸುವ ನನ್ನ ದನಿಯನ್ನು ಅಂದು ಕಡಲ ಗಾಳಿ ನುಂಗಿತು. ಅವನು, ನಾನು ಹುರಿದುಂಬಿಸುತ್ತಿದ್ದೇನೆ ಎಂದು ತಿಳಿದು, ಕೈಬೀಸಿದ.

ಸ್ವಲ್ಪ ಹೊತ್ತಿಗೆ ಸೀಟಿ ಕೇಳಿಸಿತು. ಬಿಟ್ಟು ಬಿಟ್ಟು, ಗಿಡ್ಡಕ್ಕೆ. ಮಂಗಲಾ ನಿಂತಳು.

"ಮತ್ತೆ ರೇಸ್ ಶುರುವಾ?" ಎಂದಳು ಫಿಲು.

"ಅಲ್ಲ. ಕರೀತಿದ್ದಾರೆ."

ಅಂಚಿಗೆ ಹೋಗಿ ಬಗ್ಗಿ ನೋಡಿದೆವು. ಕೆಳಗೆ, ದಂಡೆಯಿಂದ ಆಚೆ ಇರುವ ಬಂಡೆಯ ಮೇಲೆ ಗಜಾನನ ಕೂತಿದ್ದ. ಪಾಚಿಯ ಮೇಲೆ ಜಾರಿ ಕಾಲು ಎರಡು ಕಲ್ಲಿನ ನಡುವೆ ಸಿಕ್ಕಿಬಿದ್ದಿತ್ತು. ಕಡಲು ಏರುವ ಭರತದ ಹೊತ್ತು. ಅವನ ಬಂಡೆಗೂ ದಂಡೆಗೂ ನಡುವಿನ ಓಣಿಯಲ್ಲಿ ನೀರು ನುಗ್ಗಿ ಬಂದು ಹೋಗುತ್ತಿತ್ತು, ಪ್ರತಿ ಸಲವೂ ಸ್ವಲ್ಪ ಮೇಲಕ್ಕೆ.

ಮಂಗಲಾ ನನ್ನ ಕಡೆ ನೋಡಲಿಲ್ಲ. "ಫಿಲು, ನಾಗಿಯ ಮನೆಗೆ ಓಡು. ಹಗ್ಗ ತಗೊಂಡು ಜನ ಕರೆದುಕೊಂಡು ಬಾ" ಎಂದಳು. ನಾಗಿ ಎಂದರೆ ನಾನು, ನಾಗವೇಣಿ.

"ನಾನಾ? ನಾನು ಯಾವಾಗಲೂ ಹಿಂದಿನವಳಲ್ಲವೇ!"

"ಈಗ ಮುಂದೆ ಯಾರೂ ಇಲ್ಲ. ಓಡು!"

ಫಿಲು ಓಡಿದಳು. ಬೇಣದ ಮೇಲೆ ಒಬ್ಬಳೇ, ಕಾಯ್ದೆ ಮುರಿಯದೆ, ದಾರಿಯುದ್ದಕ್ಕೂ ಕೊಂಕಣಿಯಲ್ಲಿ ದೇವರ ಹತ್ತಿರ ಮಾತಾಡುತ್ತಾ ಓಡಿದಳು ಎಂದು ಆಮೇಲೆ ತಿಳಿಯಿತು. ನಾವಿಬ್ಬರೂ ಕೆಳಗಿಳಿದೆವು.

ಓಣಿಯ ಹತ್ತಿರ ನಾನು ಮಂಗಲಾಳ ರಟ್ಟೆ ಹಿಡಿದು ನಿಲ್ಲಿಸಿದೆ. "ದೊಡ್ಡ ತೆರೆ ಹೋಗಲಿ. ಅದರ ಹಿಂದೆ ಒಂದು ಸಮಾಧಾನ ಬರ್ತದೆ. ಆಗ ದಾಟೂದು." ತೆರೆ ಹೋಯಿತು. ದಾಟಿದೆವು. ಗಜಾನನನ ಮುಖದಲ್ಲಿ ರಕ್ತವಿರಲಿಲ್ಲ. ಬೂಟಿನ ದಾರ ಬಿಚ್ಚಿ, ಕಾಲನ್ನು ಮೆಲ್ಲಗೆ ತಿರುಗಿಸಿ ಹೊರಗೆಳೆದೆವು, ಬೂಟು ಕಲ್ಲಿಗೇ ಉಳಿಯಿತು. ಕಣಕಾಲು ಊದಿತ್ತು.

"ನೀವು ಹೋಗಿ. ನಾನು ಇಲ್ಲೇ ಇರ್ತೆ, ಜನ ಬರ್ಲಿ" ಎಂದ.

"ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ಇರೂದು ಸಮುದ್ರ ಒಂದೇ" ಎಂದೆ.

ಅವನನ್ನು ನಡುವೆ ಹಿಡಿದು ಓಣಿಗೆ ಇಳಿದೆವು. ನೀರು ತೊಡೆಯವರೆಗೆ. ಆಚೆಯ ಕಲ್ಲಿಗೆ ನನ್ನ ಕೈ ತಾಗಿತು, ಅವನ ಕೈಯೂ ತಾಗಿತು. ಆಗಲೇ, ನಾನು ಲೆಕ್ಕ ಹಾಕದ ಒಂದು ತೆರೆ ಬಂದು ಬೆನ್ನಿಗೆ ಹೊಡೆಯಿತು. ನಾನು ಕಲ್ಲನ್ನು ತಬ್ಬಿಕೊಂಡೆ. ನೀರು ಹಿಂದೆ ಎಳೆಯುವಾಗ ಮಂಗಲಾಳ ಕಾಲು ತಪ್ಪಿತು. ಅವಳ ಸೀರೆಯ ಅಂಚು ನೀರಿನಲ್ಲಿ ಬಿಚ್ಚಿಕೊಂಡು ಕಡಲ ಕಡೆಗೆ ಹೋಗುವುದನ್ನು ನೋಡಿದೆ. ಅವಳೂ ಹೋಗುತ್ತಿದ್ದಳು. ಗಜಾನನ ಒಂದು ಕೈಯಿಂದ ಕಲ್ಲಿನ ಬಿರುಕು ಹಿಡಿದು, ಇನ್ನೊಂದರಿಂದ ಅವಳ ಮಣಿಕಟ್ಟು ಹಿಡಿದ. ಊದಿದ ಕಾಲನ್ನೇ ಕಲ್ಲಿಗೆ ಒತ್ತಿಕೊಟ್ಟು ನಿಂತ. ನೋವಿಗೆ ಕಣ್ಣು ಮುಚ್ಚಿತ್ತು, ಕೈ ಮಾತ್ರ ಬಿಡಲಿಲ್ಲ. ತೆರೆ ಇಳಿಯಿತು. ನಾನು ಮಂಗಲಾಳ ಜಡೆಗೆ ಕೈಹಾಕಿ ಎಳೆದೆ. ಆ ಹೊತ್ತಿನಲ್ಲಿ ಸಿಕ್ಕಿದ್ದು ಜಡೆ. ಮೂವರೂ ಒಣ ಕಲ್ಲಿನ ಮೇಲೆ ಬಿದ್ದುಕೊಂಡೆವು.

ಅವಳ ಮಣಿಕಟ್ಟಿನಲ್ಲಿ ಬಳೆಗಳೆಲ್ಲ ಒಡೆದು ರಕ್ತ ಜಿನುಗುತ್ತಿತ್ತು. ಗಜಾನನ ಅದನ್ನು ನೋಡಿ, "ಗಟ್ಟಿ ಹಿಡಿದ್ನಾ? ನೋವಾತಾ?" ಎಂದು ಕೇಳಿದ. ಮಂಗಲಾ ತಲೆ ಅಲ್ಲಾಡಿಸಿದಳು. ನಾನು ಏಳಲು ಹೋಗಿ ಮತ್ತೆ ಕೂತುಬಿಟ್ಟೆ, ಅದನ್ನು ಹೇಳದಿದ್ದರೆ ಜಂಬ ಅತಿಯಾದೀತು.

ಇನ್ನು ಮೇಲೆ ಹತ್ತಬೇಕು. ಇಕ್ಕಟ್ಟು ದಾರಿ, ಇಬ್ಬರೇ ಹಿಡಿಸುವಷ್ಟು. ಮಂಗಲಾ ಅವನ ನೋವಿನ ಕಾಲಿನ ಬದಿಗೆ ನಿಂತು ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ನಾನು ಹಿಂದಿನಿಂದ ತಳ್ಳಲಿಕ್ಕೆ.

"ಮಾತಾಡ್ತಾ ಹತ್ತಿ. ಅದು ಕಾಯ್ದೆ" ಎಂದಳು ಅವಳು.

"ಎಂತ ಮಾತಾಡೂದು?"

"ಕಪ್ ಗೆದ್ದದ್ದು ಹೇಳಿ. ಎಷ್ಟು ದೂರದ ಓಟ?"

ಅವನು ನಾಲ್ಕು ಹೆಜ್ಜೆ ಹತ್ತಿದ. ಐದನೆಯದಕ್ಕೆ ಮೆಲ್ಲಗೆ ಹೇಳಿದ. "ಓಟ ಹೌದು. ಆದ್ರೆ... ಅದು ಜೋಡಿ ಕಾಲು ಕಟ್ಟಿ ಓಡೂದು, ಮೂರು ಕಾಲಿನ ಓಟ."

ಮಂಗಲಾ ನಿಂತಳು. ಕೆಳಗೆ ನೋಡಿದಳು. ಅವಳ ಎರಡು ಕಾಲು, ಅವನ ಒಂದು ಕಾಲು. ಅವಳ ಭುಜ ಅಲುಗುವುದು ಹಿಂದಿನಿಂದ ಕಂಡು, ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ಆ ಗಟ್ಟಿ ನಗು ಬಂಡೆಗೆ ಬಡಿದು ತಿರುಗಿ ಬಂತು. ಅವನೂ ನಕ್ಕ, ನೋವಿಗೆ ಅಯ್ಯೋ ಎಂದ, ಮತ್ತೆ ನಕ್ಕ. "ಹೆಣ್ಣಿನ ಮನೇಲಿ ಅಷ್ಟು ಜನರ ಎದುರು ಮೂರು ಕಾಲು ಹೇಳಿ ಹ್ಯಾಂಗೆ ಹೇಳೂದು?" ಎಂದ. ಮೂವರೂ ಅಲ್ಲೇ ಕೂತು ನಗು ಮುಗಿಸಿಕೊಂಡು ಹತ್ತಬೇಕಾಯಿತು.

ಮೇಲೆ ಬಂದಾಗ ಬೇಣದ ಆಚೆಯಿಂದ ಅರ್ಧ ಬಾಡವೇ ಓಡಿ ಬರುತ್ತಿತ್ತು. ಫಿಲು ಓಡುವುದನ್ನು ಕಂಡವರೆಲ್ಲ ಯಾರಿಗೆ ಎಂತ ಆತು ಎಂದು ಕೇಳುತ್ತಾ ಜೊತೆಗೂಡಿದ್ದರು, ಈ ಸಲ ಅವಳ ಹತ್ತಿರ ಹೇಳಲಿಕ್ಕೆ ಉತ್ತರವಿತ್ತು. ಎಲ್ಲರಿಗಿಂತ ಮುಂದೆ ಅವ್ವಿ, ತಲೆಯ ಮೇಲೆ ಹಗ್ಗದ ಸುರುಳಿ. ಬಂದವಳೇ ಮೂವರನ್ನೂ ತಲೆಯಿಂದ ಕಾಲಿನವರೆಗೆ ನೋಡಿ, "ಎಲ್ಲ ಇದ್ದೀರಲ್ಲ. ಆತು" ಎಂದಳು. ಆಮೇಲೆ ಗಜಾನನನ ಬಿಳಿ ಚಡ್ಡಿ ನೋಡಿದಳು. "ಇವ್ರು ಯಾರು?"

ನಮ್ಮ ಮನೆಯ ಜಗಲಿಯಲ್ಲಿ ಅವನ ಕಾಲಿಗೆ ಅರಿಶಿನದ ಪಟ್ಟು ಹಾಕಿ, ಒಣ ಪಂಚೆ ಕೊಟ್ಟು ಕೂರಿಸಿದರು. ನನ್ನ ತಮ್ಮ ಸೈಕಲ್ಲಿನಲ್ಲಿ ಮಿರ್ಜಾನಿಗೆ ಸುದ್ದಿ ಒಯ್ದ. ಹೊಟ್ಟೆಗೇನು ಕೊಡುವುದು ಎಂದು ಅವ್ವಿಗೆ ಸಂಕೋಚ. "ನಮ್ಮನೇಲಿ ಗಂಜಿ ಇತ್ತು. ನೀವು ಉಣ್ತೀರೋ ಇಲ್ವೋ" ಎಂದಳು. ಕಾಲ ಇನ್ನೂ ಹಾಗಿತ್ತು. ಅವನು, "ಉಪ್ಪಿನಕಾಯಿ ಇದ್ರೆ ಎರಡು ಬಟ್ಟಲು ಉಣ್ತೆ" ಎಂದ. ಎರಡನೇ ಬಟ್ಟಲಿನ ನಡುವೆ ಬಾಡಿಗೆ ಕಾರು ಬಂದು ನಿಂತಿತು. ಮಂಗಲಾಳ ಅಪ್ಪ ಇಳಿದರು. ಮೀನು ಒಣಗಿಸಿದ ಅಂಗಳ ದಾಟಿ ಬಂದು, ಜಗಲಿಯ ಕೆಳಗೆ ನಿಂತರು. ಒದ್ದೆ ತಲೆಯ ಮಗಳು, ಅವಳ ಕೈಯ ಬಟ್ಟೆಕಟ್ಟು, ಅವಳ ಕೈಯಲ್ಲೂ ಒಂದು ಗಂಜಿಯ ಬಟ್ಟಲು.

ಗಜಾನನ ಕೂತಲ್ಲಿಂದಲೇ ಕೈಮುಗಿದ. "ಬನ್ನಿ ಮಾವ. ಗಂಜಿ ಚೊಲೋ ಇದ್ದು."

"ಮಾವ ಹೇಳಲೆ ಇನ್ನೂ ಟೈಮ್ ಇದ್ದು" ಎಂದಳು ಮಂಗಲಾ, ಬಟ್ಟಲಿನಿಂದ ತಲೆ ಎತ್ತದೆ. "ಆನು ಇನ್ನೂ ಹೂಂ ಹೇಳಿದ್ನಿಲ್ಲೆ."

ಭಟ್ಟರು ಮಗಳನ್ನು ನೋಡಿದರು. ಆ ಮಾತಿಗೆ ಬೈಯುತ್ತಾರೆ ಎಂದು ನಾನು ಕಾದೆ. ಅವರು ಚಪ್ಪಲಿ ಕಳಚಿ ಜಗಲಿ ಹತ್ತಿ ಕೂತರು, ಮಗಳ ಕಟ್ಟು ಹಾಕಿದ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಅವ್ವಿಯ ಕಡೆ ತಿರುಗಿ, "ಕುಡಿಯಲಿಕ್ಕೆ ಸ್ವಲ್ಪ ನೀರು ಕೊಡ್ತೀರಾ?" ಎಂದರು. ಅವ್ವಿ ತಂಬಿಗೆ ತರಲು ಒಳಗೆ ಹೋದವಳು, ತೊಳೆದದ್ದನ್ನೇ ಮತ್ತೆ ತೊಳೆ ತೊಳೆದು ತಂದಳು.

ಮುಂದೆ ಏನಾಯಿತೆಂದು ನೀವು ಊಹಿಸಬಲ್ಲಿರಿ. ಮಂಗಲಾ ಕೆಲಸ ಬಿಡಲಿಲ್ಲ, ಭಟ್ಕಳದ ಎಕ್ಸ್‌ಚೇಂಜಿಗೆ ವರ್ಗ ಮಾಡಿಸಿಕೊಂಡಳು. ಫಿಲು ತನ್ನೂರು ಹೊನ್ನಾವರದ ಎಕ್ಸ್‌ಚೇಂಜಿಗೇ ಹೋದಳು. ಎಂಬತ್ತರ ದಶಕದ ಎಷ್ಟೋ ಭಾನುವಾರ ಮೂರೂ ಊರಿನವರು ಒಂದು ದಂಡೆಯಲ್ಲಿ ಸೇರಿ ಓಡಿದೆವು, ಮಕ್ಕಳು ಹುಟ್ಟಿದ ಮೇಲೆ ಮಕ್ಕಳನ್ನು ಮರಳಿನಲ್ಲಿ ಬಿಟ್ಟು ಸರದಿಯಲ್ಲಿ ಓಡಿದೆವು. ಗಜಾನನ ಕೊನೆಯವರೆಗೂ ಏರಿನಲ್ಲಿ ಹಿಂದೆಯೇ. ಅದರ ಬಗ್ಗೆ ಅವನಿಗೆ ಬೇಸರವಿದ್ದದ್ದನ್ನು ನಾನು ಕಂಡಿಲ್ಲ. ಆದರೆ ಅವಳು ಹೂಂ ಎಂದದ್ದು ಹೇಗೆ ಎಂಬುದು ಅವರಿಬ್ಬರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು, ಏಕೆಂದರೆ ಅದು ನನ್ನ ತಂತಿಯಲ್ಲೇ ಹಾದುಹೋಯಿತು.

ಗುಡ್ಡದ ಆ ಭಾನುವಾರ ಕಳೆದು ಕೆಲವು ದಿನವಾಗಿತ್ತು. ಮಧ್ಯಾಹ್ನದ ಡ್ಯೂಟಿ. ಬೋರ್ಡಿನಲ್ಲಿ ಭಟ್ಕಳದ ದೀಪ ಹತ್ತಿತು.

"ಹಲೋ, ಕುಮಟಾ."

"ನಾನು ಗಜಾನನ. ಮಂಗಲಾ ಹತ್ರ ಮಾತಾಡಬೇಕಿತ್ತು."

ಮಂಗಲಾ ನನ್ನ ಬಲಗಡೆಯೇ ಕೂತಿದ್ದಳು. ಡ್ಯೂಟಿಯಲ್ಲಿದ್ದವರು ಸ್ವಂತ ಮಾತು ಆಡುವಂತಿಲ್ಲ. ನಾನು ಮೌತ್‌ಪೀಸಿಗೆ ಕೈ ಮುಚ್ಚಿ ಹೇಳಿದೆ. ಅವಳು ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ.

"ಕಾಲು ಸರಿಯಾಯಿತಾ ಕೇಳು."

ಕೇಳಿದೆ. "ಆಗಿದೆಯಂತೆ. ಬ್ಯಾಂಕಿಗೆ ಹೋಗ್ತಿದ್ದಾರಂತೆ."

"ಮದುವೆಯಾದ ಮೇಲೆ ನಾನು ಕೆಲಸ ಬಿಡಬೇಕಾ ಕೇಳು."

ಕೇಳಿದೆ. ಆಮೇಲೆ ಅವನೆಂದ. ನಾನು ಹಾಗೇ ಒಪ್ಪಿಸಿದೆ: "ಬಿಡಬೇಡ ಅಂತ. ಓಟವನ್ನೂ ಬಿಡಬೇಡ ಅಂತ. ಬರುವ ಭಾನುವಾರ ತಾನೂ ಬರಬಹುದಾ ಅಂತ ಕೇಳ್ತಿದ್ದಾರೆ. ದಾರಿ ಗೊತ್ತಿಲ್ಲವಂತೆ, ಹಿಂದಿನಿಂದ ಬರ್ತಾರಂತೆ."

ಮಂಗಲಾ ಕೈಯಲ್ಲಿದ್ದ ತಂತಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಮಣಿಕಟ್ಟಿನಲ್ಲಿ ಹೊಸ ಬಳೆ, ಬಳೆಯ ಕೆಳಗೆ ಮಾಸುತ್ತಿದ್ದ ಗಾಯ. ಗೋಡೆಯ ಗಡಿಯಾರ ನೋಡಿದೆ. ಬೇರೆ ಊರಿನ ಟ್ರಂಕ್ ಕಾಲ್‌ಗಳಲ್ಲಿ ಮೂರು ನಿಮಿಷಕ್ಕೊಮ್ಮೆ ನಡುವೆ ಹೋಗಿ ಕೇಳುವುದು ನಮ್ಮ ಕೆಲಸ. ಯಾರ ಮಾತಾದರೂ ಸರಿ, ಎಂಥ ಮಾತಾದರೂ ಸರಿ. ಅಭ್ಯಾಸಬಲ, ನನ್ನ ಬಾಯಿಂದ ಬಂದೇಬಿಟ್ಟಿತು:

"ಮೂರು ನಿಮಿಷ ಆಯ್ತು. ಮುಂದುವರಿಸಲಾ?"

ನಾನು ಕೇಳಿದ್ದು ಅವನನ್ನು. ಆದರೆ ಅವನು ಬಾಯಿ ತೆರೆಯುವ ಮೊದಲೇ ಮಂಗಲಾ ಕೈ ಚಾಚಿ ತನ್ನ ತಂತಿಯನ್ನು ನನ್ನ ಬೋರ್ಡಿಗೆ ಸಿಕ್ಕಿಸಿದಳು. ಸಾಹುಕಾರರೆಲ್ಲ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದ ಆ ದನಿಯಲ್ಲಿ, ಒಂದೇ ಸಲ, ಸ್ಪಷ್ಟವಾಗಿ ಹೇಳಿದಳು:

"ಮುಂದುವರಿಸಿ."